ಬೆಂಕಿಯಿಲ್ಲದ ಒಲೆ

ನಮ್ಮ ಮನೆಗೆ ಮೈಕ್ರೋವೇವ್ ಒಲೆ ಬಂದ ದಿನ ನಮ್ಮ ತಾಯಿಯವರು ಅದನ್ನು ಅಡುಗೆಮನೆಗೆ ಸೇರಿಸಲು ಸುಲಭವಾಗಿ ಒಪ್ಪಲಿಲ್ಲ. "ಅದು ವಿಕಿರಣದ ಪೆಟ್ಟಿಗೆಯಂತೆ, ಅದರಲ್ಲಿಟ್ಟ ಅನ್ನ ವಿಷವಾಗುವುದಂತೆ" ಎಂದು ನೆರೆಮನೆಯವರು ಅವರ ಕಿವಿಗೆ ಹಾಕಿದ್ದರು. ಭೌತವಿಜ್ಞಾನವನ್ನು ಬೋಧಿಸುವ ನಾವು ಆ ಮಾತಿಗೆ ನಕ್ಕು, ವಿದ್ಯುತ್ಕಾಂತೀಯ ಅಲೆಗಳ ವಿಚಾರವಾಗಿ ಅವರಿಗೊಂದು ಪುಟ್ಟ ಉಪನ್ಯಾಸವನ್ನೇ ಕೊಟ್ಟೆವು. ಇದಾದ ಎರಡು ವಾರಗಳಿಗೆ, ಬೆಳಗಿನ ಮೊದಲ ತರಗತಿಗೆ ಹೊರಡುವ ಅವಸರದಲ್ಲಿ, ನಯವಾದ ಗಾಜಿನ ಲೋಟವೊಂದರಲ್ಲಿ ಅದೇ ಒಲೆಯಲ್ಲಿ ನೀರು ಕಾಯಿಸಿದೆವು. ಹೊರಗೆ ತೆಗೆದಾಗ ನೀರು ನಿಶ್ಚಲವಾಗಿತ್ತು. ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಇನ್ನೂ ಕುದಿ ಬಂದಿಲ್ಲವೆಂದು ಭಾವಿಸಿ ಒಂದು ಚಮಚ ಕಾಫಿಪುಡಿಯನ್ನು ಹಾಕಿದ್ದೇ ತಡ, ಲೋಟದ ನೀರೆಲ್ಲ ಒಮ್ಮೆಗೇ ಭೋರೆಂದು ಮೇಲಕ್ಕೆ ಚಿಮ್ಮಿ ನಮ್ಮ ಬಲಗೈಯ ಮಣಿಕಟ್ಟಿನ ಮೇಲೆ ಸುರಿಯಿತು. ಬೊಬ್ಬೆಗಳು ಮಾಯಲು ಹತ್ತು ದಿನ ಹಿಡಿಯಿತು.

ಈ ಪ್ರಸಂಗದಿಂದ ನಾವು ಕಲಿತ ಪಾಠವೊಂದಿದೆ. ತಾಯಿಯವರು ಹೆದರಬೇಕಾಗಿಲ್ಲದುದಕ್ಕೆ ಹೆದರಿದ್ದರು. ನಾವಾದರೋ ಹೆದರಬೇಕಾದುದಕ್ಕೆ ಹೆದರದೆ ಹೋದೆವು. ಈ ಎರಡು ಬಗೆಯ ತಪ್ಪುಗಳೂ ಒಂದೇ ಅಜ್ಞಾನದಿಂದ ಹುಟ್ಟುವಂಥವು. ಆ ಪೆಟ್ಟಿಗೆಯ ಒಳಗೆ ನಡೆಯುವುದೇನೆಂಬುದನ್ನು ಅರಿತರೆ, ಯಾವ ಭಯವನ್ನು ಬಿಡಬೇಕು, ಯಾವ ಎಚ್ಚರವನ್ನು ಹಿಡಿಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಈ ಲೇಖನದಲ್ಲಿ ಅದನ್ನೇ ವಿಚಾರ ಮಾಡೋಣ.

ರೇಡಾರಿನಿಂದ ಅಡುಗೆಮನೆಗೆ

ಈ ಒಲೆ ಯುದ್ಧದ ಗರ್ಭದಿಂದ ಹುಟ್ಟಿದುದು. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ರ್‍ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬಿಬ್ಬರು ಭೌತವಿಜ್ಞಾನಿಗಳು ಕುಹರಗಳುಳ್ಳ ಮ್ಯಾಗ್ನೆಟ್ರಾನ್ ಎಂಬ ಸಾಧನವನ್ನು ನಿರ್ಮಿಸಿದರು. ಕೆಲವೇ ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು ಅದು ಮಹಾ ಸಾಮರ್ಥ್ಯದಿಂದ ಹೊರಸೂಸಬಲ್ಲುದಾಗಿತ್ತು. ಶತ್ರುವಿಮಾನಗಳನ್ನು ದೂರದಿಂದಲೇ ಪತ್ತೆಹಚ್ಚುವ ರೇಡಾರಿಗೆ ಅದೇ ಹೃದಯವಾಯಿತು. ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಒಳಗಿನ ಗಾಳಿ ಒಂದು ನಿಯತ ಸ್ವರದಲ್ಲಿ ಮಿಡಿಯುವುದನ್ನು ಎಲ್ಲರೂ ಬಲ್ಲರು. ಮ್ಯಾಗ್ನೆಟ್ರಾನಿನಲ್ಲಿ ನಡೆಯುವುದೂ ಅದನ್ನು ಹೋಲುತ್ತದೆ. ಕಾದ ಋಣಧ್ರುವದಿಂದ ಹೊರಟ ಎಲೆಕ್ಟ್ರಾನುಗಳು ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಸುತ್ತುತ್ತ, ತಾಮ್ರದ ಗೋಡೆಯಲ್ಲಿ ಕೊರೆದ ಕುಹರಗಳ ಬಾಯಿಯ ಮುಂದೆ ಹಾದುಹೋಗುತ್ತವೆ. ಆಗ ಕುಹರಗಳಲ್ಲಿ ವಿದ್ಯುತ್ ಕಂಪನಗಳು ಏಳುತ್ತವೆ.

ಯುದ್ಧದ ಕೊನೆಯ ವರ್ಷವಾದ 1945ರಲ್ಲಿ ಅಮೆರಿಕದ ರೇಥಿಯಾನ್ ಸಂಸ್ಥೆಯ ಪರ್ಸಿ ಸ್ಪೆನ್ಸರ್ ಎಂಬಾತನು ಇಂತಹ ಮ್ಯಾಗ್ನೆಟ್ರಾನಿನ ಸಮೀಪದಲ್ಲಿ ನಿಂತಿದ್ದಾಗ ಅವನ ಜೇಬಿನಲ್ಲಿದ್ದ ಮಿಠಾಯಿ ಕರಗಿಹೋಯಿತೆಂದು ಹೇಳುತ್ತಾರೆ. ಅದೇ ವರ್ಷ ಆತನು ಈ ಅಲೆಗಳಿಂದ ಆಹಾರವನ್ನು ಬೇಯಿಸುವ ವಿಧಾನಕ್ಕೆ ಪೇಟೆಂಟು ಕೋರಿದನು. 1950ರಲ್ಲಿ ಅದು ದೊರೆಯಿತು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರವಾಗಿದ್ದು ಸುಮಾರು 340 ಕಿಲೋಗ್ರಾಂ ತೂಗುತ್ತಿತ್ತು. ಮನೆಯ ಕಟ್ಟೆಯ ಮೇಲಿಡಬಹುದಾದ ಚಿಕ್ಕ ಒಲೆ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದುದು 1967ರಿಂದ ಈಚೆಗೆ.

ಈ ಕಿರಣ ಯಾವ ಜಾತಿಯದು?

ವಿಕಿರಣವೆಂಬ ಪದವೇ ಅನೇಕರಲ್ಲಿ ನಡುಕ ಹುಟ್ಟಿಸುತ್ತದೆ. ಆದರೆ ಹಣತೆಯ ಬೆಳಕೂ ವಿಕಿರಣವೇ, ಬಿಸಿಲೂ ವಿಕಿರಣವೇ. ಎಲ್ಲ ವಿದ್ಯುತ್ಕಾಂತೀಯ ಅಲೆಗಳೂ ಒಂದೇ ಕುಲದವು. ಅವುಗಳ ನಡುವಣ ಭೇದವೆಲ್ಲ ಆವೃತ್ತಿಯಲ್ಲಿ, ಎಂದರೆ ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಎಣಿಕೆಯಲ್ಲಿದೆ. ಮನೆಯ ಮೈಕ್ರೋವೇವ್ ಒಲೆಯ ಅಲೆ ಸೆಕೆಂಡಿಗೆ 245 ಕೋಟಿ ಸಲ, ಅಂದರೆ 2,450 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕಂಪಿಸುತ್ತದೆ. ಅದರ ತರಂಗದೂರ ಸುಮಾರು 12.2 ಸೆಂ.ಮೀ. ಮನೆಮನೆಯಲ್ಲಿರುವ ವೈ-ಫೈ ಯಂತ್ರಗಳಲ್ಲಿ ಬಹಳಷ್ಟು ಬಳಸುವುದು ಹೆಚ್ಚುಕಡಿಮೆ ಇದೇ ಆವೃತ್ತಿಯನ್ನು.

ಬೆಳಕು ಫೋಟಾನುಗಳೆಂಬ ಕಟ್ಟುಗಳಾಗಿ ಶಕ್ತಿಯನ್ನು ಸಾಗಿಸುತ್ತದೆ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಪ್ಲಾಂಕನ ನಿಯತಾಂಕವನ್ನು ಆವೃತ್ತಿಯಿಂದ ಗುಣಿಸಿದರೆ ಒಂದೊಂದು ಫೋಟಾನಿನ ಶಕ್ತಿ ದೊರೆಯುತ್ತದೆ. ನಮ್ಮ ಒಲೆಯ ಫೋಟಾನಿನ ಶಕ್ತಿ ಒಂದು ಎಲೆಕ್ಟ್ರಾನ್-ವೋಲ್ಟಿನ ಸುಮಾರು ಲಕ್ಷದಲ್ಲೊಂದು ಪಾಲು ಮಾತ್ರ. ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿಗೆ ಸುಮಾರು ಎರಡು ಎಲೆಕ್ಟ್ರಾನ್-ವೋಲ್ಟ್ ಶಕ್ತಿಯಿರುತ್ತದೆ. ನೀರಿನ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಹಾಕಬೇಕಾದರೆ ಹನ್ನೆರಡಕ್ಕೂ ಹೆಚ್ಚು ಎಲೆಕ್ಟ್ರಾನ್-ವೋಲ್ಟ್ ಬೇಕು. ಎಕ್ಸ್-ಕಿರಣ, ಗಾಮಾ ಕಿರಣಗಳು ಅಣುಗಳನ್ನು ಒಡೆಯಬಲ್ಲವು. ಅವುಗಳ ಅಪಾಯವೂ ಅದೇ. ಸೂಕ್ಷ್ಮತರಂಗಕ್ಕೆ ಆ ಕಸುವಿಲ್ಲ. ಅದು ಅಣುಗಳನ್ನು ಅಲುಗಿಸಿ ಕಾಯಿಸಬಲ್ಲುದು, ಅಷ್ಟೆ. ಆಹಾರವನ್ನು ವಿಕಿರಣಪಟುವಾಗಿ ಮಾಡುವುದು ಅದಕ್ಕೆ ಸಾಧ್ಯವೇ ಇಲ್ಲ. ಮೇಲಾಗಿ, ದೀಪವನ್ನು ಆರಿಸಿದೊಡನೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯುವುದಿಲ್ಲವೋ ಹಾಗೆಯೇ ಒಲೆಯನ್ನು ನಿಲ್ಲಿಸಿದೊಡನೆ ಅಲೆಗಳೂ ಉಳಿಯುವುದಿಲ್ಲ. ತಾಯಿಯವರ ಭಯ ಆಧಾರವಿಲ್ಲದುದು ಎಂದು ನಾವು ಹೇಳಿದುದು ಈ ಕಾರಣದಿಂದಲೇ.

ನೀರಿನ ಅಣುವಿನ ತೊಳಲಾಟ

ನೀರಿನ ಅಣು ವಿದ್ಯುತ್ತಿನ ದೃಷ್ಟಿಯಿಂದ ಸಮತೂಕದ್ದಲ್ಲ. ಅದರ ಆಮ್ಲಜನಕದ ಕಡೆ ಸ್ವಲ್ಪ ಋಣವಿದ್ಯುತ್ತೂ ಜಲಜನಕದ ಕಡೆ ಸ್ವಲ್ಪ ಧನವಿದ್ಯುತ್ತೂ ಇರುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ಸಿಲುಕಿದ ಇಂತಹ ಅಣು, ಕಾಂತಕ್ಷೇತ್ರದಲ್ಲಿ ದಿಕ್ಸೂಚಿಯ ಮುಳ್ಳು ತಿರುಗುವಂತೆ, ಕ್ಷೇತ್ರದ ದಿಕ್ಕಿಗೆ ತಿರುಗಲು ಯತ್ನಿಸುತ್ತದೆ. ಒಲೆಯಲ್ಲಿ ಈ ಕ್ಷೇತ್ರ ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುತ್ತದೆ. ಅದನ್ನು ಹಿಂಬಾಲಿಸಲು ಹೆಣಗುವ ಅಣು ನೆರೆಯ ಅಣುಗಳನ್ನು ತಾಕಿ ನೂಕುತ್ತದೆ. ಈ ನೂಕುನುಗ್ಗಲೇ ಶಾಖವಾಗಿ ಪರಿಣಮಿಸುತ್ತದೆ. 2,450 ಮೆಗಾಹರ್ಟ್ಸ್ ಎಂಬುದು ನೀರಿನ ಅಣುವಿನ ಸ್ವಾಭಾವಿಕ ಆವೃತ್ತಿಯೆಂದು ಕೆಲವು ಪುಸ್ತಕಗಳಲ್ಲಿಯೂ ಬರೆದಿರುವುದುಂಟು. ಅದು ಸರಿಯಲ್ಲ. ನೀರು ಅತಿ ಹೆಚ್ಚಾಗಿ ಹೀರುವ ಆವೃತ್ತಿ ಇದಕ್ಕಿಂತ ಬಹಳ ಮೇಲಿದೆ. ಅಷ್ಟೊಂದು ಹೀರುವಂತಿದ್ದರೆ ಅಲೆಯೆಲ್ಲ ಆಹಾರದ ಹೊರಪದರದಲ್ಲಿಯೇ ಮುಗಿದುಹೋಗಿ ಒಳಭಾಗಕ್ಕೆ ಏನೂ ತಲುಪುತ್ತಿರಲಿಲ್ಲ.

ಈಗಲೂ ಅಲೆ ಬಹಳ ಆಳಕ್ಕೆ ಇಳಿಯುವುದಿಲ್ಲ. ನೀರಿನಂಶವುಳ್ಳ ಆಹಾರದಲ್ಲಿ ಅದು ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಕ್ಷೀಣಿಸುತ್ತದೆ. "ಮೈಕ್ರೋವೇವ್ ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ" ಎಂಬ ಮಾತು ಸುಳ್ಳು. ದಪ್ಪನೆಯ ಪದಾರ್ಥದ ನಡುಭಾಗಕ್ಕೆ ಶಾಖ ಹೊರಪದರದಿಂದ ಮೆಲ್ಲಮೆಲ್ಲನೆ ಹರಿದೇ ಸೇರಬೇಕು.

ಇನ್ನೂ ಒಂದು ತೊಡಕಿದೆ. ಲೋಹದ ಗೋಡೆಗಳಿಂದ ಹಿಂದಿರುಗಿದ ಅಲೆಗಳು ಪರಸ್ಪರ ಕೂಡಿ, ವೀಣೆಯ ತಂತಿಯಲ್ಲಿ ಏಳುವಂತಹ ನಿಂತ ಅಲೆಗಳನ್ನುಂಟುಮಾಡುತ್ತವೆ. ಕೆಲವೆಡೆ ಕಂಪನ ಅತಿಶಯ, ಕೆಲವೆಡೆ ಶೂನ್ಯ. ಆದಕಾರಣ ಒಂದು ಕಡೆ ಆಹಾರ ಕುದಿಯುತ್ತಿದ್ದರೆ ಮತ್ತೊಂದು ಕಡೆ ತಣ್ಣಗೇ ಉಳಿಯಬಹುದು. ಒಲೆಯ ತಟ್ಟೆ ತಿರುಗುವುದು ಈ ದೋಷವನ್ನು ಕಡಿಮೆ ಮಾಡುವ ಸಲುವಾಗಿ.

ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ನೋಡಬಹುದು. ಮನೆಯ ಹಿರಿಯರ ಅನುಮತಿ ಪಡೆದು, ತಿರುಗುವ ತಟ್ಟೆಯನ್ನೂ ಅದರ ಉಂಗುರವನ್ನೂ ತೆಗೆದಿಡಿ. ತಿರುಗುವ ಗುಬುಟನ್ನು ಮುಚ್ಚುವಂತೆ ಒಂದು ಗಾಜಿನ ಬೋಗುಣಿಯನ್ನು ಬೋರಲು ಹಾಕಿ, ಅದರ ಮೇಲೆ ಚಪ್ಪಟೆ ಪಿಂಗಾಣಿ ತಟ್ಟೆಯಲ್ಲಿ ದೊಡ್ಡದೊಂದು ಚಾಕೊಲೇಟ್ ಹಲಗೆಯನ್ನು, ಹೊದಿಕೆಯ ಕಾಗದವನ್ನೆಲ್ಲ ತೆಗೆದು ಇಡಿ. ಇಪ್ಪತ್ತು ಸೆಕೆಂಡಿನ ಬಳಿಕ ನೋಡಿದರೆ ಅದು ಅಲ್ಲಲ್ಲಿ ಮಾತ್ರ ಕರಗಿರುತ್ತದೆ. ಪಕ್ಕಪಕ್ಕದ ಎರಡು ಕರಗಿದ ಜಾಗಗಳ ನಡುವಣ ಅಂತರ ಸುಮಾರು 6 ಸೆಂ.ಮೀ., ಎಂದರೆ ಅರ್ಧ ತರಂಗದೂರ. ಅದನ್ನು ಎರಡರಿಂದ ಗುಣಿಸಿ, ಬಂದುದನ್ನು ಒಲೆಯ ಹಿಂಬದಿಯ ಚೀಟಿಯಲ್ಲಿ ಬರೆದಿರುವ ಆವೃತ್ತಿಯಿಂದ ಗುಣಿಸಿದರೆ ಸೆಕೆಂಡಿಗೆ 29.4 ಕೋಟಿ ಮೀಟರ್ ಎಂಬ ಉತ್ತರ ಬರುತ್ತದೆ. ಬೆಳಕಿನ ವೇಗದ ನಿಜವಾದ ಬೆಲೆ 29,97,92,458 ಮೀಟರ್. ಒಲೆಯ ಅಲೆಗಳು ಮೂರು ದಿಕ್ಕುಗಳಲ್ಲಿಯೂ ಹರಡುವುದರಿಂದ ಪ್ರತಿಯೊಂದು ಒಲೆಯಲ್ಲಿಯೂ ಲೆಕ್ಕ ಇಷ್ಟು ಚೊಕ್ಕವಾಗಿ ಬರಲಾರದು. ಆದರೂ ಅಡುಗೆಮನೆಯ ಕಟ್ಟೆಯ ಮೇಲೆ ಬೆಳಕಿನ ವೇಗವನ್ನು ಅಳೆಯುವ ಸಂತೋಷ ಸಾಮಾನ್ಯವಾದುದಲ್ಲ.

ಈ ಪ್ರಯೋಗದಿಂದ ಅಡುಗೆಗೂ ಒಂದು ನಿಯಮ ದೊರೆಯುತ್ತದೆ. ಬಿಸಿ ಮಾಡಿದ ಆಹಾರವನ್ನು ನಡುವೆ ಒಮ್ಮೆ ತೆಗೆದು ಚೆನ್ನಾಗಿ ಕಲಸಬೇಕು. ಮುಗಿದ ಮೇಲೆ ಶಾಖ ಸಮನಾಗಿ ಹರಡುವಂತೆ ಒಂದೆರಡು ನಿಮಿಷ ಮುಚ್ಚಿಡಬೇಕು. ಉಳಿದ ಆಹಾರ ಎಲ್ಲೆಡೆಯೂ ಕನಿಷ್ಠ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ತಣ್ಣಗುಳಿದ ಜಾಗದಲ್ಲಿ ರೋಗಾಣುಗಳು ಬದುಕಿಯೇ ಇರುತ್ತವೆ. ಅನ್ನದ ವಿಷಯದಲ್ಲಂತೂ ಇದೂ ಸಾಲದು. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು, ರಾತ್ರಿಯೆಲ್ಲ ಹೊರಗಿಟ್ಟ ಅನ್ನದಲ್ಲಿ ಮೊಳೆತು ವಿಷವನ್ನುಂಟುಮಾಡಬಹುದು. ಮರುದಿನ ಎಷ್ಟು ಬಿಸಿ ಮಾಡಿದರೂ ಆ ವಿಷ ನಾಶವಾಗುವುದಿಲ್ಲ. ಆದುದರಿಂದ ಉಳಿದ ಅನ್ನವನ್ನು ಬೇಗನೆ ತಂಪುಪೆಟ್ಟಿಗೆಗೆ ಸೇರಿಸಬೇಕು. ಹಸುಳೆಗಳ ಹಾಲನ್ನು ಈ ಒಲೆಯಲ್ಲಿ ಕಾಯಿಸದಿರುವುದೇ ಲೇಸು. ಸೀಸೆಯ ಹೊರಮೈ ಬೆಚ್ಚಗಿದ್ದು ಒಳಗಿನ ಹಾಲು ಬಾಯಿ ಸುಡುವಷ್ಟು ಕಾದಿರಬಹುದು. ಬಿಸಿನೀರಿನಲ್ಲಿ ಸೀಸೆಯನ್ನಿಟ್ಟು ಬೆಚ್ಚಗೆ ಮಾಡುವ ಹಳೆಯ ಪದ್ಧತಿಯೇ ಇಲ್ಲಿ ಮೇಲು.

ನಿಶ್ಚಲ ನೀರಿನ ವಂಚನೆ

ಈಗ ನಮ್ಮ ಕೈ ಸುಟ್ಟ ಕಥೆಗೆ ಬರೋಣ. ನೀರಿನ ಕುದಿಬಿಂದು 100 ಡಿಗ್ರಿ ಸೆಲ್ಸಿಯಸ್ ಎಂದು ನಾವೆಲ್ಲ ಓದಿದ್ದೇವೆ. ಆದರೆ ಆ ಉಷ್ಣತೆಯನ್ನು ಮುಟ್ಟಿದ ಮಾತ್ರಕ್ಕೆ ಕುದಿತ ಆರಂಭವಾಗಲೇಬೇಕೆಂದಿಲ್ಲ. ಗುಳ್ಳೆ ಹುಟ್ಟಲು ಒಂದು ನೆಲೆ ಬೇಕು: ಪಾತ್ರೆಯ ಗೀರು, ಅಲ್ಲಿ ಅಡಗಿದ ಗಾಳಿಯ ಕಣ, ಅಥವಾ ಒಂದು ಧೂಳಿನ ಹರಳು. ಒಲೆಯ ಉರಿಯ ಮೇಲಿಟ್ಟ ಪಾತ್ರೆಯ ತಳ ನೀರಿಗಿಂತ ಹೆಚ್ಚು ಕಾದಿರುತ್ತದೆ. ಅಲ್ಲಿನ ಗೀರುಗಳಲ್ಲಿ ಗುಳ್ಳೆಗಳು ಸತತವಾಗಿ ಹುಟ್ಟುತ್ತವೆ. ಮೈಕ್ರೋವೇವ್ ಒಲೆಯಲ್ಲಾದರೋ ನೇರವಾಗಿ ಕಾಯುವುದು ನೀರು. ಗಾಜು ನೀರಿಗಿಂತ ತಣ್ಣಗಿರುತ್ತದೆ. ಗಾಜು ನಯವಾಗಿದ್ದು, ನೀರು ಮೊದಲೇ ಕುದಿದು ಗಾಳಿಯನ್ನು ಕಳೆದುಕೊಂಡಿದ್ದರಂತೂ ಗುಳ್ಳೆಗೆ ನೆಲೆಯೇ ದೊರೆಯದು. ನೀರು ಸದ್ದಿಲ್ಲದೆ ಕುದಿಬಿಂದುವನ್ನು ದಾಟಿ ಮೇಲೇರುತ್ತದೆ. ಚಮಚವೋ ಪುಡಿಯೋ ಬಿದ್ದೊಡನೆ ಸಾವಿರಾರು ನೆಲೆಗಳು ಒಮ್ಮೆಗೇ ದೊರೆತು, ಕೂಡಿಟ್ಟ ಶಾಖವೆಲ್ಲ ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ.

ಇದರ ಪ್ರಮಾಣವನ್ನು ಲೆಕ್ಕ ಹಾಕಿ ನೋಡೋಣ. ಲೋಟದಲ್ಲಿ 250 ಗ್ರಾಂ ನೀರಿದ್ದು ಅದು 105 ಡಿಗ್ರಿಗೆ ಏರಿದೆಯೆಂದು ಇಟ್ಟುಕೊಳ್ಳಿ. ಹೆಚ್ಚಿನ 5 ಡಿಗ್ರಿಗೆ ತಕ್ಕ ಶಾಖ 250 × 4.18 × 5, ಅಂದರೆ ಸುಮಾರು 5,200 ಜೂಲ್. ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 2,260 ಜೂಲ್ ಬೇಕು. ಆದ್ದರಿಂದ 2.3 ಗ್ರಾಂ ನೀರು ಹಬೆಯಾಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಒಂದು ಗ್ರಾಂ ಹಬೆ ಸುಮಾರು 1.67 ಲೀಟರ್ ಸ್ಥಳವನ್ನು ಆಕ್ರಮಿಸುತ್ತದೆ! ಕಾಲು ಲೀಟರಿನ ಲೋಟದೊಳಗೆ ಸುಮಾರು 4 ಲೀಟರ್ ಹಬೆ ಹಠಾತ್ತನೆ ಹುಟ್ಟಿದರೆ ಉಳಿದ ಕುದಿನೀರಿನ ಗತಿ ಏನಾಗಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಪರಿಹಾರ ಸುಲಭ. ಕಾಯಿಸುವ ಮುನ್ನ ಲೋಟದಲ್ಲಿ ಮರದ ಚಮಚವನ್ನೋ ಕಡ್ಡಿಯನ್ನೋ ಇಡಬೇಕು. ಅದರ ರಂಧ್ರಗಳಲ್ಲಿನ ಗಾಳಿ ಗುಳ್ಳೆಗೆ ನೆಲೆಯಾಗುತ್ತದೆ. ಬೇಕಾದುದಕ್ಕಿಂತ ಹೆಚ್ಚು ಕಾಲ ಕಾಯಿಸಬಾರದು. 800 ವಾಟಿನ ಒಲೆಯಲ್ಲಿ 250 ಗ್ರಾಂ ನೀರು 25 ಡಿಗ್ರಿಯಿಂದ 100 ಡಿಗ್ರಿಗೆ ಏರಲು ಲೆಕ್ಕದ ಪ್ರಕಾರ ಸುಮಾರು 100 ಸೆಕೆಂಡು ಸಾಕು. ಹೊರತೆಗೆಯುವ ಮೊದಲು ಒಂದು ನಿಮಿಷ ಹಾಗೆಯೇ ಬಿಡಬೇಕು. ಮುಖವನ್ನು ಲೋಟದ ಮೇಲೆ ಬಾಗಿಸಬಾರದು.

ಹಬೆಯ ಈ ಹಿಗ್ಗುವಿಕೆಯೇ ಮತ್ತೆ ಕೆಲವು ಅಪಘಾತಗಳಿಗೂ ಕಾರಣ. ಬಿಗಿಯಾಗಿ ಮುಚ್ಚಿದ ಡಬ್ಬಿ ಸಿಡಿಯುತ್ತದೆ. ಚಿಪ್ಪಿನೊಡನಿಟ್ಟ ಕೋಳಿಮೊಟ್ಟೆ ಸಿಡಿಯುತ್ತದೆ. ಬೇಯಿಸಿ ಸಿಪ್ಪೆ ತೆಗೆದ ಮೊಟ್ಟೆಯೂ ಮತ್ತೆ ಬಿಸಿ ಮಾಡಿದಾಗ ಬಾಯಿಯೊಳಗೇ ಸಿಡಿದುದುಂಟು. ಇಡಿಯ ಆಲೂಗೆಡ್ಡೆಯನ್ನು ನಾಲ್ಕಾರು ಕಡೆ ಚುಚ್ಚಿಯೇ ಇಡಬೇಕು. ಮುಚ್ಚಳವನ್ನು ಸಡಿಲವಾಗಿಡಬೇಕು, ತೆರೆಯುವಾಗ ಹಬೆ ನಮ್ಮಿಂದ ಆಚೆಗೆ ಹೋಗುವಂತೆ ಆಚೆಯ ಅಂಚನ್ನು ಮೊದಲು ಎತ್ತಬೇಕು.

ಲೋಹದ ಪಾತ್ರೆ

ನಮ್ಮ ಅಡುಗೆಮನೆಗಳಲ್ಲಿ ಸ್ಟೀಲಿನದೇ ಸಾಮ್ರಾಜ್ಯ. ಆದರೆ ಈ ಒಲೆಯಲ್ಲಿ ಸ್ಟೀಲ್ ಪಾತ್ರೆಗೆ ಸ್ಥಾನವಿಲ್ಲ. ಲೋಹದೊಳಕ್ಕೆ ಸೂಕ್ಷ್ಮತರಂಗ ಹೆಚ್ಚು ಇಳಿಯಲಾರದು. ತಾಮ್ರದಲ್ಲಿ ಅದು ಇಳಿಯುವ ಆಳ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಉಳಿದುದೆಲ್ಲ ಹಿಂದಿರುಗುತ್ತದೆ. ಆದಕಾರಣ ಸ್ಟೀಲ್ ಡಬ್ಬಿಯಲ್ಲಿಟ್ಟ ಹುಳಿಗೆ ಬದಿಗಳಿಂದ ಅಲೆಗಳು ತಲುಪುವುದೇ ಇಲ್ಲ. ಮಾತ್ರವಲ್ಲದೆ, ಚೂಪಾದ ಅಂಚು, ಮುಳ್ಳುಚಮಚದ ತುದಿ, ಸುಕ್ಕುಗಟ್ಟಿದ ಅಲ್ಯುಮಿನಿಯಂ ಹಾಳೆ, ಪಿಂಗಾಣಿ ಬಟ್ಟಲಿನ ಚಿನ್ನದ ಗೆರೆ ಇಂತಹವುಗಳ ಬಳಿ ವಿದ್ಯುತ್ ಕ್ಷೇತ್ರ ಕೇಂದ್ರೀಕರಿಸಿ ಕಿಡಿಗಳು ಹಾರುತ್ತವೆ.

ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಮೈಕ್ರೋವೇವಿಗೆ ತಕ್ಕುದೆಂದು ಗುರುತು ಹಾಕಿದವನ್ನು ಮಾತ್ರವೇ ಬಳಸಬೇಕು. ಮೆಲಮೈನ್ ತಟ್ಟೆಗಳು ತಕ್ಕುವಲ್ಲ. ಶಾಖ ತಡೆಯುವ ಗಾಜು ಎಲ್ಲಕ್ಕಿಂತ ಉತ್ತಮ. ಎಣ್ಣೆಯಲ್ಲಿ ಕರಿಯುವ ಕೆಲಸಕ್ಕೆ ಈ ಒಲೆಯನ್ನು ಎಂದಿಗೂ ಬಳಸಕೂಡದು. ಎಣ್ಣೆಯ ಉಷ್ಣತೆ ಹಿಡಿತಕ್ಕೆ ಸಿಗದೆ ಹೊತ್ತಿಕೊಳ್ಳಬಹುದು.

ಒಲೆಯನ್ನು ಖಾಲಿಯಾಗಿ ನಡೆಸುವುದೂ ತಪ್ಪು. ಹೀರಿಕೊಳ್ಳುವ ಪದಾರ್ಥವಿಲ್ಲದಿದ್ದರೆ ಅಲೆಗಳ ಶಕ್ತಿ ಮರಳಿ ಮ್ಯಾಗ್ನೆಟ್ರಾನಿಗೇ ಸೇರಿ ಅದನ್ನು ಕಾಯಿಸಿ ಕೆಡಿಸುತ್ತದೆ. ಚಿಕ್ಕಮಕ್ಕಳು ಗುಂಡಿ ಒತ್ತಿ ಆಡುವ ಮನೆಯಾದರೆ, ಬಳಸದಿರುವಾಗ ಪ್ಲಗ್ ತೆಗೆದಿಡುವುದು ಒಳ್ಳೆಯದು.

ಬಾಗಿಲಿನ ರಹಸ್ಯ

ಬಾಗಿಲಿನ ಗಾಜಿನ ಹಿಂದೆ ಸಣ್ಣ ಸಣ್ಣ ರಂಧ್ರಗಳುಳ್ಳ ಲೋಹದ ತಗಡಿದೆ. ಒಂದೆರಡು ಮಿಲಿಮೀಟರ್ ಅಗಲದ ಈ ರಂಧ್ರಗಳಲ್ಲಿ ಬೆಳಕು ಸರಾಗವಾಗಿ ಹಾಯುತ್ತದೆ, ಏಕೆಂದರೆ ಅದರ ತರಂಗದೂರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. 12 ಸೆಂಟಿಮೀಟರಿನ ಸೂಕ್ಷ್ಮತರಂಗಕ್ಕಾದರೋ ಆ ತಗಡು ರಂಧ್ರವಿಲ್ಲದ ಗೋಡೆಯೇ ಸರಿ. ಬಾಗಿಲು ತೆರೆದೊಡನೆ ಮ್ಯಾಗ್ನೆಟ್ರಾನಿಗೆ ವಿದ್ಯುತ್ತು ತಪ್ಪುವಂತೆ ಒಂದಕ್ಕಿಂತ ಹೆಚ್ಚು ಸ್ವಿಚ್ಚುಗಳನ್ನು ಅಳವಡಿಸಿರುತ್ತಾರೆ.

ಆದರೂ ಬಾಗಿಲಿನ ಸಂದಿನಲ್ಲಿ ಅತ್ಯಲ್ಪವಾದ ಸೋರಿಕೆ ಇದ್ದೇ ಇರುತ್ತದೆ. ಅಮೆರಿಕದಲ್ಲಿ 1971ರಿಂದ ಜಾರಿಯಲ್ಲಿರುವ ನಿಯಮದಂತೆ, ಒಲೆಯ ಬಾಳಿಕೆಯುದ್ದಕ್ಕೂ ಅದರ ಮೈಯಿಂದ 5 ಸೆಂ.ಮೀ. ದೂರದಲ್ಲಿ ಈ ಸೋರಿಕೆ ಚದರ ಸೆಂಟಿಮೀಟರಿಗೆ 5 ಮಿಲಿವಾಟನ್ನು ಮೀರಕೂಡದು. ನಡುಹಗಲಿನ ಬಿಸಿಲಿನ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 100 ಮಿಲಿವಾಟ್ ಎಂಬುದನ್ನು ನೆನೆದರೆ ಈ ಮಿತಿಯ ಅಂದಾಜು ಸಿಕ್ಕೀತು. ಸೂಕ್ಷ್ಮತರಂಗ ಚರ್ಮದ ಕೆಳಕ್ಕೂ ಇಳಿಯುವುದರಿಂದ ಈ ಹೋಲಿಕೆ ಪೂರ್ಣವಲ್ಲ. ಆದರೆ ದೂರ ಹೆಚ್ಚಿದಂತೆ ಸೋರಿಕೆ ಬಹುಬೇಗ ಕುಗ್ಗುತ್ತದೆ. 50 ಸೆಂ.ಮೀ. ದೂರದಲ್ಲಿ ಅದು ಸುಮಾರು ನೂರರಲ್ಲೊಂದು ಪಾಲಾಗುತ್ತದೆ.

ಈ ರಕ್ಷಣೆಯೆಲ್ಲ ನಿಂತಿರುವುದು ಬಾಗಿಲು ಸರಿಯಾಗಿ ಕೂಡಿಕೊಳ್ಳುವುದರ ಮೇಲೆ. ತೆರೆದ ಬಾಗಿಲಿನ ಮೇಲೆ ಭಾರ ಹಾಕಬಾರದು. ಅಂಚಿನಲ್ಲಿ ಜಿಡ್ಡೋ ಆಹಾರದ ಕಣವೋ ಅಂಟಿಕೊಳ್ಳಲು ಬಿಡಬಾರದು. ಕೀಲು ಸಡಿಲವಾಗಿದ್ದರೆ, ಕೊಂಡಿ ಮುರಿದಿದ್ದರೆ, ಬಾಗಿಲು ಬಾಗಿದ್ದರೆ ಅಥವಾ ಬಾಗಿಲು ತೆರೆದ ಮೇಲೂ ಒಲೆ ನಡೆಯುತ್ತಿದ್ದರೆ ಅದನ್ನು ಆ ಕ್ಷಣವೇ ನಿಲ್ಲಿಸಿ, ದುರಸ್ತಿಯಾಗುವವರೆಗೆ ಮುಟ್ಟಕೂಡದು.

ಮೊಬೈಲ್ ಫೋನನ್ನು ಒಲೆಯೊಳಗಿಟ್ಟು ಕರೆ ಮಾಡಿ, ಅದು ಸದ್ದು ಮಾಡಿದರೆ ಒಲೆ ಸೋರುತ್ತಿದೆಯೆಂದು ತೀರ್ಮಾನಿಸುವ ಪರೀಕ್ಷೆಯೊಂದು ಜನಜನಿತವಾಗಿದೆ. ಇದು ಸಲ್ಲದು. ಒಂದು ವಾಟಿನ ಲಕ್ಷಕೋಟಿಯ ಒಂದು ಪಾಲಿನಷ್ಟು ಕ್ಷೀಣವಾದ ಸಂಕೇತವನ್ನೂ ಫೋನು ಗ್ರಹಿಸಬಲ್ಲುದು. ಒಲೆಯ ಗೋಡೆ ಸಂಕೇತವನ್ನು ಲಕ್ಷಪಟ್ಟು ಕುಗ್ಗಿಸಿದರೂ ಫೋನಿಗೆ ಸಾಕಾಗುವಷ್ಟು ಉಳಿದಿರುತ್ತದೆ. ಮರೆತು ಒಲೆಯನ್ನು ನಡೆಸಿದರಂತೂ ಫೋನು ಸುಟ್ಟು ಅದರ ಬ್ಯಾಟರಿ ಹೊತ್ತಿಕೊಳ್ಳುವುದು. ಸಂಶಯವಿದ್ದಲ್ಲಿ ತಕ್ಕ ಮಾಪಕವುಳ್ಳ ಕುಶಲಕರ್ಮಿಯಿಂದಲೇ ಪರೀಕ್ಷೆ ಮಾಡಿಸಬೇಕು.

ತೆರೆಯಬಾರದ ಕವಚ

ಈ ಲೇಖನದಲ್ಲಿ ವಿದ್ಯಾರ್ಥಿಗಳು ಒಂದೇ ಮಾತನ್ನು ನೆನಪಿಡುವುದಾದರೆ ಅದು ಇದಾಗಿರಲಿ: ಮೈಕ್ರೋವೇವ್ ಒಲೆಯ ಹೊರಕವಚವನ್ನು ಎಂದೂ ಬಿಚ್ಚಬಾರದು. ಮನೆಯ 230 ವೋಲ್ಟ್ ವಿದ್ಯುತ್ತನ್ನು ಒಳಗಿನ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟಿಗೆ ಏರಿಸುತ್ತದೆ. ಒಂದು ಕೆಪ್ಯಾಸಿಟರ್ ಮತ್ತು ಡಯೋಡ್ ಸೇರಿ ಮ್ಯಾಗ್ನೆಟ್ರಾನಿಗೆ ಸುಮಾರು 4,000 ವೋಲ್ಟನ್ನು ಒದಗಿಸುತ್ತವೆ. ಪ್ಲಗ್ ಕಿತ್ತೊಡನೆ ಎಲ್ಲವೂ ಶಾಂತವಾಯಿತೆಂದು ತಿಳಿಯಬಾರದು. ಕೆಪ್ಯಾಸಿಟರಿನಲ್ಲಿ ಪ್ರಾಣಾಂತಿಕವಾದ ವಿದ್ಯುದಾವೇಶ ಉಳಿದಿರಬಹುದು. ಅದನ್ನು ಮೆಲ್ಲನೆ ಬರಿದು ಮಾಡಲು ಒಂದು ರೋಧಕವನ್ನು ಜೋಡಿಸಿರುವುದು ವಾಡಿಕೆ. ಆದರೆ ಆ ರೋಧಕ ಕೆಟ್ಟಿದ್ದರೆ ಹೊರಗಿನಿಂದ ತಿಳಿಯುವ ಬಗೆಯಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನು, ಗುಜರಿಯಲ್ಲಿ ಸಿಕ್ಕ ಕೆಟ್ಟ ಒಲೆಯೊಂದರ ಟ್ರಾನ್ಸ್‌ಫಾರ್ಮರನ್ನು ಕಿತ್ತು, ಮರದ ಹಲಗೆಯ ಮೇಲೆ ಮಿಂಚಿನ ಚಿತ್ತಾರವನ್ನು ಸುಟ್ಟು ತೋರಿಸುವೆನೆಂದು ವಿಜ್ಞಾನ ಪ್ರದರ್ಶನಕ್ಕೆ ಹೆಸರು ಕೊಟ್ಟಿದ್ದನು. ಬುದ್ಧಿವಂತ ಹುಡುಗ; ಕೈಗೆ ರಬ್ಬರ್ ಗವಸು ಹಾಕಿಕೊಳ್ಳುವೆನೆಂದೂ ಹೇಳಿದನು. ಅವನನ್ನು ಕೂರಿಸಿಕೊಂಡು ಲೆಕ್ಕ ಮಾಡಿ ತೋರಿಸಿದೆವು: ಎದೆಯನ್ನು ಹಾದುಹೋಗುವ ಒಂದು ಆಂಪಿಯರಿನ ಹತ್ತರಲ್ಲೊಂದು ಪಾಲು ಹೃದಯದ ಬಡಿತವನ್ನು ಕೆಡಿಸಬಲ್ಲುದು, ಈ ಟ್ರಾನ್ಸ್‌ಫಾರ್ಮರ್ ಅದಕ್ಕಿಂತ ಹೆಚ್ಚನ್ನೇ ಕೊಡಬಲ್ಲುದು, ಸಾಧಾರಣ ಗವಸು 2,000 ವೋಲ್ಟಿಗೆ ತಡೆಯೇ ಅಲ್ಲ. ಇಂತಹ ಚಿತ್ತಾರದ ಹವ್ಯಾಸಕ್ಕೆ ಹೊರದೇಶಗಳಲ್ಲಿ ಹಲವರು ಪ್ರಾಣ ತೆತ್ತಿದ್ದಾರೆಂಬುದನ್ನೂ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಸಾರ್, ನಿನ್ನೆ ರಾತ್ರಿಯೇ ಕವಚ ಬಿಚ್ಚಿಯಾಗಿದೆ" ಎಂದನು. ಅಂದು ಅವನಿಗೇನೂ ಆಗದೆ ಇದ್ದುದು ಅವನ ಜಾಣತನದಿಂದಲ್ಲ, ಅದೃಷ್ಟದಿಂದ.

ದಿನನಿತ್ಯದ ಆರೈಕೆ

ಉಳಿದ ಆರೈಕೆ ಕಷ್ಟವಾದುದೇನಲ್ಲ. ಒಲೆಗೆ ಭೂಸಂಪರ್ಕವುಳ್ಳ ಮೂರು ಕಡ್ಡಿಯ ಪ್ಲಗ್ಗನ್ನೇ ಬಳಸಬೇಕು. 800 ವಾಟಿನ ಒಲೆ ಗೋಡೆಯಿಂದ ಸುಮಾರು 1,200 ವಾಟ್ ಎಳೆಯುತ್ತದೆಯಾದ್ದರಿಂದ ತೆಳುವಾದ ಎಕ್ಸ್‌ಟೆನ್ಷನ್ ತಂತಿ ಸಲ್ಲದು. ಗಾಳಿಕಂಡಿಗಳನ್ನು ಬಟ್ಟೆಯಿಂದ ಮುಚ್ಚದೆ, ಸುತ್ತಲೂ ತಯಾರಕರು ಹೇಳಿದಷ್ಟು ಜಾಗ ಬಿಡಬೇಕು.

ಒಳಗೋಡೆಗೆ ಸಿಡಿದ ಸಾರು, ಎಣ್ಣೆ ಒಣಗಿದರೆ ಅದೇ ಅಲೆಗಳನ್ನು ಹೀರಿ ಕರಿಕಾಗಿ ಕಿಡಿ ಹಾರಲು ಕಾರಣವಾಗುತ್ತದೆ. ಮರದ ಚಮಚವಿಟ್ಟ ಬೋಗುಣಿಯಲ್ಲಿ ನೀರು, ನಿಂಬೆಹೋಳು ಹಾಕಿ ಎರಡು ಮೂರು ನಿಮಿಷ ಕಾಯಿಸಿ, ಕೆಲವು ನಿಮಿಷ ಬಾಗಿಲು ತೆರೆಯದೆ ಬಿಟ್ಟರೆ ಹಬೆಗೆ ಕೊಳೆ ನೆನೆಯುತ್ತದೆ; ಆಮೇಲೆ ಪ್ಲಗ್ ತೆಗೆದು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಉಕ್ಕಿನ ನಾರು ಬೇಡ. ಪಕ್ಕದ ಗೋಡೆಯಲ್ಲಿ ಕಾಣುವ ಅಭ್ರಕದ ಚಿಕ್ಕ ಹಾಳೆ ಅಲೆಗಳು ಒಳಬರುವ ದಾರಿಯ ಹೊದಿಕೆ, ಅದನ್ನು ಕಿತ್ತೆಸೆಯಬಾರದು. ಸುಟ್ಟು ತೂತಾಗಿದ್ದರೆ ಒಲೆಯನ್ನು ನಿಲ್ಲಿಸಿ ಹೊಸದನ್ನು ಹಾಕಿಸಬೇಕು.

ಒಲೆಯ ಆರೋಗ್ಯವನ್ನು ಒಂದು ಉಷ್ಣತಾಮಾಪಕದಿಂದ ಪರೀಕ್ಷಿಸಬಹುದು. ಒಂದು ಲೀಟರ್ ತಣ್ಣೀರಿನ ಉಷ್ಣತೆಯನ್ನು ಅಳೆದು, ಪೂರ್ಣ ಸಾಮರ್ಥ್ಯದಲ್ಲಿ 60 ಸೆಕೆಂಡು ಕಾಯಿಸಿ, ಹೊರತೆಗೆದು ಕಲಕಿ ಮತ್ತೆ ಅಳೆಯಿರಿ. ಮಾಪಕವನ್ನು ಒಲೆಯೊಳಗೆ ಇಡಕೂಡದು. ಏರಿದ ಡಿಗ್ರಿಗಳನ್ನು 70ರಿಂದ ಗುಣಿಸಿದರೆ ಒಲೆ ನೀರಿಗೆ ಕೊಡುತ್ತಿರುವ ವಾಟುಗಳ ಅಂದಾಜು ಸಿಗುತ್ತದೆ; 10 ಡಿಗ್ರಿ ಏರಿದ್ದರೆ 700 ವಾಟ್. ವರ್ಷಕ್ಕೊಮ್ಮೆ ಹೀಗೆ ಅಳೆದು ಬರೆದಿಟ್ಟರೆ ಮ್ಯಾಗ್ನೆಟ್ರಾನ್ ಸೊರಗುತ್ತಿರುವುದು ಗೊತ್ತಾಗುತ್ತದೆ.

ಒಳಗೆ ಏನಾದರೂ ಹೊತ್ತಿಕೊಂಡರೆ ಬಾಗಿಲು ತೆರೆಯಬೇಡಿ. ಒಲೆಯನ್ನು ನಿಲ್ಲಿಸಿ, ಗೋಡೆಯ ಸ್ವಿಚ್ ಆರಿಸಿ, ಸುತ್ತ ಬೆಂಕಿಯಿಲ್ಲದಿದ್ದರೆ ಪ್ಲಗ್ ಕಿತ್ತು, ಕಾಯಿರಿ. ಹೊಸ ಗಾಳಿ ದೊರೆಯದೆ ಸಾಮಾನ್ಯವಾಗಿ ಬೆಂಕಿ ತಾನೇ ನಂದುತ್ತದೆ. ನಂದದಿದ್ದರೆ ಮನೆಯವರನ್ನೆಲ್ಲ ಹೊರಕ್ಕೆ ಕರೆದೊಯ್ದು ಅಗ್ನಿಶಾಮಕ ದಳವನ್ನು ಕರೆಯಬೇಕು.

ನಮ್ಮ ತಾಯಿಯವರು ಈಗ ಆ ಒಲೆಯನ್ನು ನಮಗಿಂತ ಚೆನ್ನಾಗಿ ಬಳಸುತ್ತಾರೆ. ಅದರ ಪಕ್ಕದ ಡಬ್ಬಿಯಲ್ಲಿ ಒಂದು ಹಳೆಯ ಮರದ ಚಮಚವನ್ನು ಇಟ್ಟಿದ್ದಾರೆ. ನೀರು ಕಾಯಿಸಲು ಯಾರೇ ಬಂದರೂ, ಅವರು ಭೌತವಿಜ್ಞಾನದ ಉಪಾಧ್ಯಾಯರೇ ಆಗಿದ್ದರೂ, ಅದನ್ನು ಲೋಟದಲ್ಲಿಡದೆ ಗುಂಡಿ ಒತ್ತಲು ಅವರು ಬಿಡುವುದಿಲ್ಲ.